ದೂರು ಬೇರೆ, ಮೆರವಣಿಗೆ ಬೇರೆ



ಹುಳಿಯಾರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸುತ್ತಮುತ್ತ ಬೆಳೆದವರಿಗೆ ಕೊಬ್ಬರಿಯ ವಿಷಯವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಲಿತ ತೆಂಗಿನಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೇರಿಸಿದ ಮೇಲೆ ಅದು ಕೊಬ್ಬರಿಯಾಗಲು ಎಂಟು, ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಒಳಗಿನ ನೀರು ತಾನಾಗಿಯೇ ಇಂಗಬೇಕು, ತಿರುಳು ಚಿಪ್ಪನ್ನು ಬಿಡಬೇಕು, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟುಕು ಒಳಗೆ ಉರುಳುವ ಸದ್ದು ಕೇಳಿಸಬೇಕು. ಅದಕ್ಕೆ ಮೊದಲೇ ಆತುರಪಟ್ಟು ಒಡೆದವನಿಗೆ ಅತ್ತ ಹಸಿಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ಮಾರುಕಟ್ಟೆಗೆ ತಂದ ಚೀಲದಲ್ಲಿ ಒಂದೆರಡು ಕೌಟು ಸಿಕ್ಕರೆ ಅವನ್ನು ಆರಿಸಿ ಪಕ್ಕಕ್ಕಿಡುತ್ತಾರೆಯೇ ಹೊರತು ಇಡೀ ಚೀಲವನ್ನು ಬೀದಿಗೆ ಸುರಿಯುವುದಿಲ್ಲ.

ಕಾಯಿಯ ವಿಷಯದಲ್ಲಿ ಇಷ್ಟೊಂದು ತಾಳ್ಮೆ ಕಲಿತಿರುವ ನಾವು ಮನುಷ್ಯರ ವಿಷಯದಲ್ಲಿ ಮಾತ್ರ ಏಕೆ ಇಷ್ಟು ಆತುರದವರಾಗಿದ್ದೇವೆ? ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಕ್ಯಾಮೆರಾ ಇದೆ. ಬಸ್ಸಿನ ನಿರ್ವಾಹಕ ಚಿಲ್ಲರೆಗಾಗಿ ರೇಗಿದರೆ, ಬ್ಯಾಂಕಿನ ಗುಮಾಸ್ತೆ ಮುಖ ಗಂಟಿಕ್ಕಿಕೊಂಡರೆ, ಆಸ್ಪತ್ರೆಯ ದಾದಿ ದನಿಯೆತ್ತಿದರೆ, ನ್ಯಾಯಬೆಲೆ ಅಂಗಡಿಯವನ ತೂಕದಲ್ಲಿ ವ್ಯತ್ಯಾಸವಾದರೆ, ಮರುಕ್ಷಣವೇ ಯಾರೋ ಒಬ್ಬರು ಫೋನನ್ನು ಎತ್ತಿ ಹಿಡಿದಿರುತ್ತಾರೆ. ಸಂಜೆಯ ಹೊತ್ತಿಗೆ ಅದನ್ನು ಸಾವಿರಾರು ಜನ ನೋಡಿರುತ್ತಾರೆ. ರಾತ್ರಿಯ ಊಟದ ಹೊತ್ತಿಗೆ ತೀರ್ಪೂ ಆಗಿಹೋಗಿರುತ್ತದೆ. ಆ ವ್ಯಕ್ತಿಯ ಹೆಸರು ಗೊತ್ತಿಲ್ಲದವರು, ಊರು ಗೊತ್ತಿಲ್ಲದವರು, ಅಂದು ನಿಜವಾಗಿ ಏನು ನಡೆಯಿತೆಂದು ಗೊತ್ತಿಲ್ಲದವರು ಕೊಡುವ ತೀರ್ಪು ಅದು. ಕೆಲಸದ ಸ್ಥಳದಲ್ಲಿ ಆಗುವ ತಪ್ಪುಗಳಿಗೆ ಬೀದಿಯ ನ್ಯಾಯಾಲಯ ವಿಧಿಸುತ್ತಿರುವ ಈ ಶಿಕ್ಷೆಯ ಬಗ್ಗೆ ನಿಮ್ಮೊಡನೆ ಸ್ವಲ್ಪ ಯೋಚಿಸಬೇಕೆನಿಸಿದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ವಿಡಿಯೊ ತೆಗೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಲಹೀನರ ಕೈಯಲ್ಲಿ ಅದು ಎಷ್ಟೋ ಸಲ ಏಕೈಕ ಸಾಕ್ಷಿಯಾಗಿದೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ವ್ಯಕ್ತಿ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಸಿಕ್ಕು ಪ್ರಾಣ ಬಿಟ್ಟಾಗ, ಪೊಲೀಸರ ಮೊದಲ ಹೇಳಿಕೆ ಅದನ್ನು ಕೇವಲ ಆರೋಗ್ಯ ಕೆಟ್ಟು ಸಂಭವಿಸಿದ ಸಾವೆಂಬಂತೆ ಚಿತ್ರಿಸಿತ್ತು. ದಾರಿಯಲ್ಲಿ ನಿಂತು ಅದನ್ನು ತನ್ನ ಫೋನಿನಲ್ಲಿ ಸೆರೆಹಿಡಿದ ಹದಿನೇಳು ವರ್ಷದ ಹುಡುಗಿಯೊಬ್ಬಳು ಇಲ್ಲದಿದ್ದರೆ ಸತ್ಯ ಅಲ್ಲಿಯೇ ಹೂತುಹೋಗುತ್ತಿತ್ತು. ಮರುವರ್ಷ ಆ ಅಧಿಕಾರಿಯ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾಯಿತು. ಅಧಿಕಾರವುಳ್ಳವನು ಅಧಿಕಾರವಿಲ್ಲದವನನ್ನು ತುಳಿಯುವಾಗ ನೋಡುತ್ತಾ ಸುಮ್ಮನಿರುವುದು ಸಜ್ಜನಿಕೆಯಲ್ಲ. ಆದರೆ ಆ ಹುಡುಗಿ ಮಾಡಿದ್ದು ಸಾಕ್ಷಿ ನುಡಿಯುವ ಕೆಲಸ. ನಮ್ಮ ಫೋನುಗಳಲ್ಲಿ ದಿನವೂ ಬಂದು ಬೀಳುವ ನೂರಾರು ತುಣುಕುಗಳಲ್ಲಿ ಸಾಕ್ಷಿ ಎಷ್ಟು, ಮೋಜು ಎಷ್ಟು?

ನಮ್ಮ ರಾಜ್ಯದಲ್ಲೇ ನಡೆದ ಒಂದು ಪ್ರಕರಣವನ್ನು ನೆನಪಿಸಿಕೊಳ್ಳೋಣ. 2021ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಪ್ರದೇಶದಲ್ಲಿ ಜೊಮ್ಯಾಟೊ ಸಂಸ್ಥೆಯ ಮೂಲಕ ಊಟ ತರಿಸಿಕೊಂಡ ಮಹಿಳೆಯೊಬ್ಬರಿಗೂ ಊಟ ತಂದ ಯುವಕನಿಗೂ ತಡವಾದ ಕಾರಣಕ್ಕೆ ವಾಗ್ವಾದವಾಯಿತು. ಆತ ತನ್ನ ಮೂಗಿಗೆ ಹೊಡೆದನೆಂದು ಆಕೆ ರಕ್ತ ಸುರಿಯುತ್ತಿದ್ದ ಮುಖದೊಡನೆ ವಿಡಿಯೊ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ದೇಶವೇ ಆತನ ಮೇಲೆ ಮುರಿದುಬಿತ್ತು. ಪೊಲೀಸರು ಆತನನ್ನು ಬಂಧಿಸಿದರು, ಸಂಸ್ಥೆ ತಾತ್ಕಾಲಿಕವಾಗಿ ಕೆಲಸದಿಂದ ದೂರವಿಟ್ಟಿತು. ಜಾಮೀನಿನ ಮೇಲೆ ಹೊರಬಂದ ಆತ ಬೇರೆಯೇ ಮಾತು ಹೇಳಿದ. ಆಕೆಯೇ ಚಪ್ಪಲಿಯಿಂದ ಹೊಡೆದರು, ತಡೆಯಲು ಹೋದಾಗ ಆಕೆಯ ಕೈಯಲ್ಲಿದ್ದ ಉಂಗುರವೇ ಮೂಗಿಗೆ ತಾಗಿತು ಎಂದು ಕಣ್ಣೀರಿಟ್ಟ. ಈಗ ಅದೇ ದೇಶ ಆಕೆಯ ಮೇಲೆ ಮುರಿದುಬಿತ್ತು. ಆತನ ದೂರಿನ ಮೇರೆಗೆ ಆಕೆಯ ಮೇಲೂ ಪ್ರಕರಣ ದಾಖಲಾಯಿತು.

ಯಾರ ಮಾತು ನಿಜ ಎಂದು ತೀರ್ಮಾನಿಸುವುದು ನನ್ನ ಕೆಲಸವೂ ಅಲ್ಲ, ನಿಮ್ಮ ಕೆಲಸವೂ ಅಲ್ಲ. ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಒಂದೇ ವಾರದಲ್ಲಿ ಅದೇ ಜನ, ಅದೇ ರೋಷದಿಂದ, ಎರಡು ವಿರುದ್ಧ ತೀರ್ಪುಗಳನ್ನು ಕೊಟ್ಟರು. ಎರಡೂ ಸಲ ತಮ್ಮದೇ ಸರಿ ಎಂಬ ವಿಷಯದಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಸಂಸ್ಥೆಯ ಮುಖ್ಯಸ್ಥರು ಆಗ ಪ್ರಕಟಿಸಿದ ಹೇಳಿಕೆಯಲ್ಲಿ ಒಂದು ಮಾಹಿತಿಯಿತ್ತು. ಆ ಯುವಕ 26 ತಿಂಗಳಿನಿಂದ ಕೆಲಸ ಮಾಡುತ್ತಿದ್ದ, 5,000 ಸಲ ಜನರ ಮನೆ ಬಾಗಿಲಿಗೆ ಊಟ ತಲುಪಿಸಿದ್ದ, ಗ್ರಾಹಕರು ಆತನಿಗೆ ಐದಕ್ಕೆ 4.75ರಷ್ಟು ಅಂಕ ಕೊಟ್ಟಿದ್ದರು. ಯೋಚಿಸಿ ನೋಡಿ, ಐದು ಸಾವಿರ ಬಾಗಿಲುಗಳು! ಮಳೆಯಲ್ಲಿ, ಬಿಸಿಲಲ್ಲಿ, ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಆತ ತಲುಪಿದ ಆ ಬಾಗಿಲುಗಳಲ್ಲಿ ಒಂದನ್ನೂ ಯಾರೂ ವಿಡಿಯೊ ಮಾಡಿರಲಿಲ್ಲ. ಸರಿಯಾಗಿ ನಡೆದ ಕೆಲಸವನ್ನು ಯಾರು ಚಿತ್ರೀಕರಿಸುತ್ತಾರೆ? ಆದ್ದರಿಂದಲೇ ಕ್ಯಾಮೆರಾದ ಕಣ್ಣಿಗೆ ದುಡಿಯುವ ಮನುಷ್ಯ ಯಾವಾಗಲೂ ತಪ್ಪು ಮಾಡುತ್ತಿರುವವನಾಗಿಯೇ ಕಾಣುತ್ತಾನೆ.

ಹುಳಿಯಾರಿನಂಥ ಊರಿನಲ್ಲಿ ವಾಸವಾಗಿರುವ ನಮಗೆ ಇದರ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಇಲ್ಲಿ ಬಸ್ಸಿನ ನಿರ್ವಾಹಕ ನಮಗೆ ಮುಖಪರಿಚಯದವನು. ಇಂದು ಬೆಳಿಗ್ಗೆ ಯಾರ ಮೇಲೋ ರೇಗಿದವನು ನಿನ್ನೆ ಸಂಜೆ ತಲೆಯ ಮೇಲೆ ಗಂಟು ಹೊತ್ತು ಓಡಿಬರುತ್ತಿದ್ದ ಅಜ್ಜಿಗಾಗಿ ಬಸ್ಸು ನಿಲ್ಲಿಸಿದ್ದನ್ನೂ ನಾವು ಕಂಡಿರುತ್ತೇವೆ. ಆತನ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾವ ಮಗಳ ಮದುವೆ ಎಂಬುದೂ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ನಾವು ಆತನನ್ನು ಬೈದರೂ ಆ ಬೈಗುಳಕ್ಕೊಂದು ಅಳತೆಯಿರುತ್ತದೆ. ವಿಡಿಯೊ ನೋಡುವವನಿಗೆ ಈ ಯಾವ ಪರಿಚಯವೂ ಇಲ್ಲ. ಆದ್ದರಿಂದ ಆತನ ಸಿಟ್ಟಿಗೆ ಅಳತೆಯೂ ಇಲ್ಲ.

ಕಣ್ಣಾರೆ ಕಂಡದ್ದು ಸುಳ್ಳಾಗುತ್ತದೆಯೇ ಎಂದು ಕೆಲವರು ಕೇಳಬಹುದು. ಆಗುತ್ತದೆ. 2015ರ ಆಗಸ್ಟ್‌ನಲ್ಲಿ ದೆಹಲಿಯ ಮೆಟ್ರೊ ರೈಲಿನಲ್ಲಿ ಸಮವಸ್ತ್ರ ಧರಿಸಿದ್ದ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಒಬ್ಬರು ತೂರಾಡುತ್ತಾ ಕುಸಿದುಬೀಳುವ ದೃಶ್ಯ ಎಲ್ಲೆಡೆ ಹರಡಿತು. ಕುಡಿದು ಕರ್ತವ್ಯಕ್ಕೆ ಹೊರಟ ಪೊಲೀಸ್ ಎಂದು ಲಕ್ಷಾಂತರ ಜನ ನಕ್ಕರು, ಉಗಿದರು. ಇಲಾಖೆ ಅವರನ್ನು ಅಮಾನತಿನಲ್ಲಿರಿಸಿತು. ವಿಚಾರಣೆ ನಡೆದ ಮೇಲೆ ತಿಳಿದದ್ದೇನು? ಅವರು ಕುಡಿದಿರಲಿಲ್ಲ. ಹಿಂದೆ ಪಾರ್ಶ್ವವಾಯುವಿಗೆ ತುತ್ತಾಗಿದ್ದ ಅವರಿಗೆ ಅಂದು ಅದರ ಬಾಧೆ ಮರುಕಳಿಸಿತ್ತು. ಇಲಾಖೆ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡಿತು. ಆದರೆ ಕಳೆದುಹೋದ ಮಾನಕ್ಕಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಕಣ್ಣು ಕಂಡದ್ದು ಒಬ್ಬ ಮನುಷ್ಯ ಬೀಳುವುದನ್ನು ಮಾತ್ರ. ಆತ ಕುಡುಕ ಎಂಬುದನ್ನು ಸೇರಿಸಿದ್ದು ನೋಡಿದವರ ಮನಸ್ಸು. ಆ ರೈಲಿನ ಡಬ್ಬಿಯಲ್ಲಿ ಫೋನು ಹಿಡಿದ ಕೈ, ಬೀಳುತ್ತಿದ್ದವನನ್ನು ಹಿಡಿದುಕೊಳ್ಳಬಹುದಿತ್ತಲ್ಲವೇ?

ಇನ್ನು ಕತ್ತರಿಸಿದ ದೃಶ್ಯಗಳ ಮಾತು ಬೇರೆಯೇ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯ ಜೊತೆಗೆ ದೇಶದಾದ್ಯಂತ ಹರಿದಾಡಿದ ಒಂದು ವಿಡಿಯೊ ವಾಸ್ತವವಾಗಿ ಪಾಕಿಸ್ತಾನದ ಕರಾಚಿಯಲ್ಲಿ ತಂದೆತಾಯಿಯರನ್ನು ಎಚ್ಚರಿಸಲೆಂದು ತಯಾರಿಸಿದ್ದ ಜಾಗೃತಿ ಚಿತ್ರ. ಅದರ ಕೊನೆಯಲ್ಲಿ ಮಗುವನ್ನು ಮರಳಿ ತಂದುಬಿಟ್ಟು ಸಂದೇಶ ತೋರಿಸುವ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಅಂಥ ವದಂತಿಗಳ ನಡುವೆಯೇ ಅದೇ ವರ್ಷದ ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಸ್ನೇಹಿತರ ಗುಂಪಿನ ಮೇಲೆ ಜನ ಮುಗಿಬಿದ್ದು ಒಬ್ಬ ಯುವ ಎಂಜಿನಿಯರನ ಪ್ರಾಣ ತೆಗೆದರು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗೆ ಮಾತ್ರ ಮುಂದೂಡಬಹುದೆಂಬ ಮಿತಿಯನ್ನು ತಂದಿತು. ಮುಂದೂಡುವ ಬೆರಳಿಗೆ ಮಿತಿ ಬಂತು. ತೀರ್ಪು ಕೊಡುವ ಮನಸ್ಸಿಗೆ ಮಿತಿ ತರುವವರು ಯಾರು?

ಈಗ ಇನ್ನೂ ಕಷ್ಟದ ಪ್ರಶ್ನೆಗೆ ಬರೋಣ. ವಿಡಿಯೊದಲ್ಲಿರುವುದು ಪೂರ್ತಿ ನಿಜವೇ ಆಗಿದ್ದರೆ? ಆ ನೌಕರ ನಿಜವಾಗಿಯೂ ತಪ್ಪು ಮಾಡಿದ್ದರೆ? ಆಗಲಾದರೂ ಅದನ್ನು ಊರಿಗೆಲ್ಲ ತೋರಿಸಬಹುದಲ್ಲವೇ?

2025ರ ಮೇ ತಿಂಗಳಲ್ಲಿ ಬೆಂಗಳೂರು ಹೊರವಲಯದ ಆನೇಕಲ್ ತಾಲೂಕಿನ ಸೂರ್ಯನಗರದಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಶಾಖಾ ವ್ಯವಸ್ಥಾಪಕಿಯೊಬ್ಬರು ಗ್ರಾಹಕರೊಡನೆ ಕನ್ನಡದಲ್ಲಿ ಮಾತಾಡುವುದಿಲ್ಲವೆಂದು ಹಟ ಹಿಡಿದ ದೃಶ್ಯ ನಿಮಗೆ ನೆನಪಿರಬಹುದು. ಅದು ತಪ್ಪೇ. ಬ್ಯಾಂಕಿನ ಕಾಗದಪತ್ರಗಳು ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಸೂಚಿಸಿದೆ. ಕೊಬ್ಬರಿ ಮಾರಿದ ಹಣ ಖಾತೆಗೆ ಬಂತೇ ಎಂದು ಕೇಳಲು ಹುಳಿಯಾರಿನ ಬ್ಯಾಂಕಿನ ಕಟ್ಟೆ ಹತ್ತುವ ಹಿರಿಯರು ಯಾವ ಭಾಷೆಯಲ್ಲಿ ಕೇಳಬೇಕು? ತನ್ನ ನೆಲದಲ್ಲಿ ತನ್ನ ಹಣಕ್ಕಾಗಿ ಪರಭಾಷೆಯಲ್ಲಿ ಅಂಗಲಾಚಬೇಕಾದವನ ನೋವು ಸಣ್ಣದಲ್ಲ. ಬ್ಯಾಂಕು ಆ ಅಧಿಕಾರಿಯನ್ನು ಬೇರೆಡೆಗೆ ವರ್ಗಾಯಿಸಿತು, ಆಕೆ ಕನ್ನಡದಲ್ಲೇ ಕ್ಷಮೆ ಯಾಚಿಸಿದ ದೃಶ್ಯವೂ ಹೊರಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬ್ಯಾಂಕಿನ ತ್ವರಿತ ಕ್ರಮವನ್ನು ಮೆಚ್ಚಿ, ವಿಷಯ ಇಲ್ಲಿಗೆ ಮುಗಿಯಿತೆಂದು ಭಾವಿಸಬಹುದು ಎಂಬರ್ಥದ ಮಾತನಾಡಿದರು. ಜೊತೆಗೆ ದೇಶದ ಎಲ್ಲ ಬ್ಯಾಂಕ್ ನೌಕರರಿಗೆ ಆಯಾ ನಾಡಿನ ಭಾಷೆ ಸಂಸ್ಕೃತಿಗಳ ತಿಳಿವಳಿಕೆ ಕೊಡಬೇಕೆಂದು ಕೇಂದ್ರವನ್ನು ಒತ್ತಾಯಿಸಿದರು. ನನ್ನ ಮಟ್ಟಿಗೆ ಅವರ ಮಾತಿನಲ್ಲಿ ಎರಡು ವಿವೇಕಗಳಿದ್ದವು. ಒಂದು, ತಪ್ಪಿಗೆ ಕ್ರಮವಾದ ಮೇಲೆ ಅದು ಮುಗಿಯಬೇಕು. ಎರಡು, ಒಬ್ಬಳನ್ನು ಬೈಯುವುದರಿಂದ ತೃಪ್ತರಾಗದೆ ಮೂಲವನ್ನು ಸರಿಪಡಿಸಬೇಕು. ಆದರೆ ವಿಡಿಯೊಗೆ ಮುಕ್ತಾಯ ಗೊತ್ತಿಲ್ಲ. ಮುಖ್ಯಮಂತ್ರಿಯೇ ಮುಗಿಯಿತೆಂದರೂ ಅದು ಫೋನಿನಿಂದ ಫೋನಿಗೆ ಹೋಗುತ್ತಲೇ ಇರುತ್ತದೆ.

ಮತ್ತೊಂದು ಅಪಾಯವೂ ಇದೆ. ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ ಹುಬ್ಬಳ್ಳಿಯಿಂದ ಹಾವೇರಿಗೆ ಹೊರಟ ಸಾರಿಗೆ ಬಸ್ಸಿನ ಚಾಲಕರೊಬ್ಬರು ದಾರಿಮಧ್ಯೆ ಬಸ್ಸು ನಿಲ್ಲಿಸಿ ನಮಾಜು ಮಾಡಿದ್ದನ್ನು ಪ್ರಯಾಣಿಕರು ಚಿತ್ರೀಕರಿಸಿದರು. ಸಾರಿಗೆ ಸಚಿವರು ತನಿಖೆಗೆ ಆದೇಶಿಸಿದರು, ಚಾಲಕ ಅಮಾನತುಗೊಂಡರು. ಪ್ರಯಾಣಿಕರನ್ನು ಕಾಯಿಸುವುದು ಕರ್ತವ್ಯಲೋಪ. ಅದಕ್ಕೆ ನಿಯಮವಿದೆ, ವಿಚಾರಣೆಯಿದೆ. ಆದರೆ ವಿಡಿಯೊ ಹರಡಿದಂತೆ ಚರ್ಚೆಯಾದದ್ದು ಕರ್ತವ್ಯದ ಬಗ್ಗೆಯಲ್ಲ, ಧರ್ಮದ ಬಗ್ಗೆ. ಸೂರ್ಯನಗರದ ಪ್ರಕರಣದಲ್ಲೂ ಒಬ್ಬ ಅಧಿಕಾರಿಯ ಉದ್ಧಟತನ ಕೆಲವರ ಬಾಯಲ್ಲಿ ಹೊರರಾಜ್ಯದವರೆಲ್ಲರ ಉದ್ಧಟತನವಾಯಿತು. ಒಬ್ಬನ ತಪ್ಪನ್ನು ಆತನ ಜಾತಿಗೆ, ಭಾಷೆಗೆ, ಧರ್ಮಕ್ಕೆ ಅಂಟಿಸುವುದು ಎಷ್ಟು ಅನ್ಯಾಯವೆಂದು ಸಣ್ಣ ಸಮುದಾಯವಾದ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮವರ ಒಂದು ಶಾಲೆಯಲ್ಲಿ, ಒಂದು ಆಸ್ಪತ್ರೆಯಲ್ಲಿ ಆದ ತಪ್ಪನ್ನು ಎಲ್ಲ ಕ್ರೈಸ್ತರ ತಪ್ಪೆಂದು ಯಾರಾದರೂ ಹೇಳಿದಾಗ ನಮಗಾಗುವ ನೋವು ಇತರರಿಗೂ ಆಗುತ್ತದೆ.

ನಿಜವನ್ನು ಹೇಳುವುದು ಯಾವಾಗಲೂ ಸರಿ ಎಂಬ ನಂಬಿಕೆ ನಮ್ಮಲ್ಲಿದೆ. ಗುರುಮಠದಲ್ಲಿ ನೀತಿಶಾಸ್ತ್ರದ ಪಾಠದ ಸಮಯದಲ್ಲಿ ನಮಗೆ ಕಲಿಸಿದ ಒಂದು ಸೂಕ್ಷ್ಮವಾದ ವಿಂಗಡಣೆಯನ್ನು ಇಲ್ಲಿ ಹೇಳಲೇಬೇಕು. ಮತ್ತೊಬ್ಬರ ಮಾನಕ್ಕೆ ಧಕ್ಕೆ ತರುವ ಪಾಪಗಳನ್ನು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಮೂರಾಗಿ ನೋಡುತ್ತದೆ. ಸಾಕಷ್ಟು ಆಧಾರವಿಲ್ಲದೆ ಮತ್ತೊಬ್ಬರ ತಪ್ಪನ್ನು ಮನಸ್ಸಿನಲ್ಲೇ ಒಪ್ಪಿಕೊಂಡುಬಿಡುವುದು ಅವಸರದ ತೀರ್ಪು. ಇಲ್ಲದ್ದನ್ನು ಹೇಳಿ ಮಾನಹಾನಿ ಮಾಡುವುದು ಸುಳ್ಳು ಅಪವಾದ. ಇವೆರಡೂ ನಮಗೆ ಗೊತ್ತಿರುವವೇ. ಮೂರನೆಯದನ್ನು ನಾವು ಸಾಮಾನ್ಯವಾಗಿ ಪಾಪವೆಂದೇ ಎಣಿಸುವುದಿಲ್ಲ. ಒಬ್ಬರಲ್ಲಿ ನಿಜವಾಗಿಯೂ ಇರುವ ದೋಷವನ್ನು, ತಕ್ಕ ಕಾರಣವಿಲ್ಲದೆ, ಅದು ಗೊತ್ತಿಲ್ಲದವರಿಗೆ ಬಯಲು ಮಾಡುವುದೇ ಆ ಮೂರನೆಯ ಪಾಪ. ಹೇಳಿದ್ದು ನಿಜವೆಂಬುದು ಅಲ್ಲಿ ಸಮರ್ಥನೆಯಾಗುವುದಿಲ್ಲ. ತಕ್ಕ ಕಾರಣ ಇತ್ತೇ, ಕೇಳಿದವರಿಗೆ ಅದು ತಿಳಿಯಬೇಕಾಗಿತ್ತೇ ಎಂಬುದೇ ಪ್ರಶ್ನೆ. ಅಷ್ಟೇ ಅಲ್ಲ, ಕದ್ದ ವಸ್ತುವನ್ನು ಹಿಂದಿರುಗಿಸುವಂತೆ ಕೆಡಿಸಿದ ಹೆಸರನ್ನೂ ಸರಿಪಡಿಸಿಕೊಡುವುದು ನಮ್ಮ ಕರ್ತವ್ಯವೆಂದು ಧರ್ಮಸಭೆ ಬೋಧಿಸುತ್ತದೆ. ನೂರು ಜನಕ್ಕೆ ಕಳಿಸಿದ ವಿಡಿಯೊವನ್ನು ಯಾರು ತಾನೇ ಹಿಂದಕ್ಕೆ ಪಡೆಯಬಲ್ಲರು?

ಈ ಬೋಧನೆಯ ತೂಕ ನನಗೆ ಪುಸ್ತಕಕ್ಕಿಂತ ಹೆಚ್ಚಾಗಿ ಮನವರಿಕೆಯಾದದ್ದು ಒಂದು ಕುಟುಂಬದ ಮೂಲಕ. ಅವರ ಮಗಳು ಒಂದು ನಗರದ ಖಾಸಗಿ ಆಸ್ಪತ್ರೆಯಲ್ಲಿ ದಾದಿ. ಒಂದು ರಾತ್ರಿ ಪಾಳಿಯಲ್ಲಿ, ಮತ್ತೆ ಮತ್ತೆ ಬಂದು ಕರೆಯುತ್ತಿದ್ದ ರೋಗಿಯ ಬಂಧುವೊಬ್ಬರಿಗೆ ಆಕೆ, ಆಸ್ಪತ್ರೆ ಇರುವುದು ನಿಮಗೊಬ್ಬರಿಗೇ ಅಲ್ಲ ಎಂದು ಒರಟಾಗಿ ಹೇಳಿಬಿಟ್ಟಳು. ಯಾರೋ ಅದನ್ನು ಚಿತ್ರೀಕರಿಸಿದರು. ಅರ್ಧ ನಿಮಿಷದ ದೃಶ್ಯ. ಆಕೆ ಹೇಳಿದ್ದು ನಿಜ, ಹೇಳಬಾರದಿತ್ತೆಂಬುದೂ ನಿಜ. ಆಕೆಯೇ ಅದನ್ನು ಒಪ್ಪಿಕೊಂಡು ಆ ಬಂಧುವಿನ ಕ್ಷಮೆ ಕೇಳಿದಳು. ಅವರೂ ದೊಡ್ಡ ಮನಸ್ಸಿನಿಂದ ಮನ್ನಿಸಿದರು. ಆಸ್ಪತ್ರೆಯವರು ವಿಚಾರಿಸಿ, ಎಚ್ಚರಿಕೆ ಕೊಟ್ಟು, ಕೆಲಸದಲ್ಲಿ ಮುಂದುವರಿಸಿದರು. ತಪ್ಪಿಗೆ ಸಂಬಂಧಪಟ್ಟವರೆಲ್ಲರ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು.

ಎರಡು ವರ್ಷಗಳ ಮೇಲೆ ಆಕೆಗೆ ಒಂದು ಸಂಬಂಧ ಬಂತು. ಮಾತುಕತೆ ಮುಗಿದು ನಿಶ್ಚಿತಾರ್ಥದ ದಿನ ನೋಡುವ ಹೊತ್ತಿಗೆ ಗಂಡಿನ ಕಡೆಯವರ ಫೋನಿಗೆ ಯಾರೋ ಆ ಅರ್ಧ ನಿಮಿಷವನ್ನು ಕಳಿಸಿದರು. ಇಂಥ ಬಾಯಿಯವಳು ಮನೆಗೆ ಬೇಡವೆಂದು ಅವರು ಹಿಂದೆ ಸರಿದರು. ಆಕೆಯ ತಾಯಿ ನನ್ನ ಮುಂದೆ ಕುಳಿತು ಬಹಳ ಹೊತ್ತು ಮಾತೇ ಆಡಲಿಲ್ಲ. ಕೊನೆಗೆ ಹೇಳಿದರು: “ಫಾದರ್, ಪಾಪನಿವೇದನೆ ಮಾಡ್ಕೊಂಡ್ರೆ ದೇವರು ಮನ್ನಿಸಿ ಮರೆತುಬಿಡ್ತಾನೆ ಅಂತ ನೀವೇ ಹೇಳ್ತೀರಿ. ಈ ಫೋನು ಯಾವಾಗ ಮರೆಯುತ್ತೆ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ನ್ಯಾಯಾಲಯಗಳು ಉತ್ತರ ಹುಡುಕಲು ಯತ್ನಿಸುತ್ತಿವೆ. 2014ರಲ್ಲಿ ಯುರೋಪಿನ ನ್ಯಾಯಾಲಯ ಗೂಗಲ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ, ಹಳೆಯ ಹಾಗೂ ಅಪ್ರಸ್ತುತವಾದ ಮಾಹಿತಿಯನ್ನು ಹುಡುಕಾಟದ ಫಲಿತಾಂಶದಿಂದ ತೆಗೆಸುವ ಹಕ್ಕು ಮನುಷ್ಯನಿಗಿದೆ ಎಂದಿತು. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಒಬ್ಬ ತಂದೆಯ ಕೋರಿಕೆಯಂತೆ, ಆತನ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ಸೂಚಿಸುತ್ತಾ ಇದೇ ಮರೆಯಲ್ಪಡುವ ಹಕ್ಕನ್ನು ಪ್ರಸ್ತಾಪಿಸಿತು. ಅದೇ ವರ್ಷ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಯಾವ ಹೈಕೋರ್ಟು ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿನ ಒಳಗೆ ಬಂದು ಅಳಿಸಿಹಾಕಬಲ್ಲದು? ಅಲ್ಲಿ ನ್ಯಾಯಾಧೀಶರೂ ನಾವೇ, ಜವಾನರೂ ನಾವೇ.

ಹಿಂದೆ ಹಳ್ಳಿಯ ಅರಳಿಕಟ್ಟೆಯ ಮೇಲೆ ನ್ಯಾಯ ನಡೆಯುತ್ತಿತ್ತು. ಆ ಕಟ್ಟೆಯೂ ಎಷ್ಟೋ ಸಲ ಕ್ರೂರವಾಗಿತ್ತು, ಬಡವರಿಗೂ ಕೆಳಜಾತಿಯವರಿಗೂ ಹೆಂಗಸರಿಗೂ ಅಲ್ಲಿ ಸರಿಯಾದ ನ್ಯಾಯ ಸಿಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ಅಲ್ಲಿ ಎರಡು ಕಡೆಯವರು ಎದುರುಬದುರು ಕೂರಬೇಕಿತ್ತು. ತೀರ್ಪು ಹೇಳಿದವನು ಮರುದಿನ ಅದೇ ಬಾವಿಯ ಬಳಿ, ಅದೇ ತೋಟದ ದಾರಿಯಲ್ಲಿ ಅವರ ಮುಖ ನೋಡಬೇಕಿತ್ತು. ನಮ್ಮ ಸಂವಿಧಾನ ಇದನ್ನು ಇನ್ನೂ ಬಿಗಿಯಾಗಿ ಹೇಳಿತು. ಸರ್ಕಾರಿ ನೌಕರನನ್ನು ಕೆಲಸದಿಂದ ವಜಾ ಮಾಡುವ ಮೊದಲು ಆತನ ಮೇಲಿನ ಆರೋಪವೇನೆಂದು ತಿಳಿಸಿ, ತನ್ನ ಮಾತನ್ನು ಹೇಳಿಕೊಳ್ಳಲು ನ್ಯಾಯವಾದ ಅವಕಾಶ ಕೊಡಬೇಕೆಂಬುದು 311ನೆಯ ವಿಧಿಯ ಸಾರ. ಅಮಾನತು ಎಂಬುದು ಕೂಡ ಕಾನೂನಿನ ದೃಷ್ಟಿಯಲ್ಲಿ ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗಿನ ಏರ್ಪಾಡು ಮಾತ್ರ. ಆದರೆ ವಿಡಿಯೊ ನೋಡಿದ ಜನ ಅಮಾನತನ್ನೇ ಅಪರಾಧದ ಸಾಬೀತೆಂದು ತಿಳಿಯುತ್ತಾರೆ. ಎಷ್ಟೋ ಸಲ ಮೇಲಧಿಕಾರಿಗಳೂ ಜನರ ಗದ್ದಲ ಅಡಗಲೆಂದೇ ಕೆಳಗಿನ ನೌಕರನನ್ನು ಮುಂದೆ ತಳ್ಳಿ ತಾವು ಹಿಂದೆ ಸರಿಯುತ್ತಾರೆ. ಹತ್ತು ಜನ ಮಾಡಬೇಕಾದ ಕೆಲಸವನ್ನು ನಾಲ್ವರಿಂದ ಮಾಡಿಸುತ್ತಿರುವವರ ಮುಖ ಯಾವ ವಿಡಿಯೊದಲ್ಲೂ ಕಾಣಿಸುವುದಿಲ್ಲ.

ದಾನಿಯೇಲನ ಗ್ರಂಥದಲ್ಲಿ ಬರುವ ಸುಸನ್ನಳ ಪ್ರಸಂಗ ನಿಮಗೆ ಗೊತ್ತಿದೆ. ಇಬ್ಬರು ಗೌರವಸ್ಥ ಹಿರಿಯರು ಕಣ್ಣಾರೆ ಕಂಡೆವೆಂದಾಗ ನೆರೆದ ಜನ ನಂಬಿದರು, ಆಕೆಯನ್ನು ಕೊಲ್ಲಲು ಕರೆದೊಯ್ದರು. ತರುಣ ದಾನಿಯೇಲ ಮಾಡಿದ್ದು ಬಹಳ ಸರಳವಾದ ಕೆಲಸ. ಮೆರವಣಿಗೆಯನ್ನು ನಿಲ್ಲಿಸಿದ, ಇಬ್ಬರನ್ನೂ ಬೇರೆ ಬೇರೆ ಮಾಡಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು. ಅಷ್ಟರಲ್ಲೇ ಒಂದು ಪ್ರಾಣ ಉಳಿಯಿತು. ಇಡೀ ಜನಸಮೂಹದಲ್ಲಿ ಆ ಒಂದು ಪ್ರಶ್ನೆಯನ್ನು ಕೇಳಲು ನಿಂತವನು ಒಬ್ಬನೇ.

ಹಾಗಾದರೆ ಅನ್ಯಾಯವನ್ನು ಕಂಡಾಗ ಏನು ಮಾಡಬೇಕು? ಪ್ರಭು ಕ್ರಿಸ್ತರು ಮತ್ತಾಯನ ಶುಭಸಂದೇಶದಲ್ಲಿ ಒಂದು ಕ್ರಮವನ್ನು ಹಾಕಿಕೊಟ್ಟಿದ್ದಾರೆ. ತಪ್ಪು ಮಾಡಿದ ಸಹೋದರನೊಡನೆ ಮೊದಲು ಒಬ್ಬನೇ ಹೋಗಿ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡಬೇಕು. ಇಂದಿನ ಲೌಕಿಕ ವ್ಯವಸ್ಥೆಗಳೂ ಆಶ್ಚರ್ಯವೆಂಬಂತೆ ಇದೇ ಮೆಟ್ಟಿಲುಗಳನ್ನು ಇಟ್ಟುಕೊಂಡಿವೆ. ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಜಾರಿಗೆ ತಂದ ಓಂಬುಡ್ಸ್‌ಮನ್ ವ್ಯವಸ್ಥೆ, ಮೊದಲು ಬ್ಯಾಂಕಿಗೇ ದೂರು ಕೊಟ್ಟು, ಮೂವತ್ತು ದಿನಗಳೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ತನ್ನ ಬಳಿ ಬರಲು ಹೇಳಿತು. ನಮ್ಮ ರಾಜ್ಯದ 2011ರ ಸಕಾಲ ಕಾಯ್ದೆ ಸರ್ಕಾರಿ ಸೇವೆಗಳಿಗೆ ದಿನಗಳ ಗಡುವು ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೊಡಬೇಕೆಂದಿತು. ಲಂಚ ಕೇಳಿದವನಿಗೆ ಲೋಕಾಯುಕ್ತವಿದೆ. ನಾವೋ, ಮೊದಲನೆಯ ಮೂರು ಮೆಟ್ಟಿಲುಗಳನ್ನು ಹತ್ತದೆಯೇ ನೇರವಾಗಿ ಮಾಳಿಗೆಯ ಮೇಲೆ ನಿಂತು ಕೂಗುತ್ತಿದ್ದೇವೆ.

ದೂರು ಬೇರೆ, ಮೆರವಣಿಗೆ ಬೇರೆ. ದೂರು ಹೋಗುವುದು ಸರಿಪಡಿಸಬಲ್ಲವರ ಬಳಿಗೆ. ಮೆರವಣಿಗೆ ಹೋಗುವುದು ನೋಡಿ ನಗುವವರ ಬಳಿಗೆ. ದೂರಿಗೆ ಒಂದು ಕೊನೆಯಿದೆ, ಮೆರವಣಿಗೆಗೆ ಕೊನೆಯೆಂಬುದಿಲ್ಲ. ದೂರು ಕೊಟ್ಟವನು ತನ್ನ ಹೆಸರು ಬರೆದು ಸಹಿ ಹಾಕುತ್ತಾನೆ, ತನ್ನ ಮಾತಿಗೆ ಹೊಣೆಯಾಗುತ್ತಾನೆ. ಮೆರವಣಿಗೆಯಲ್ಲಿ ಕೂಗಿದವನಿಗೆ ಹೆಸರಿಲ್ಲ. ನಿಮ್ಮ ಫೋನಿನಲ್ಲಿರುವ ವಿಡಿಯೊ ತಹಶೀಲ್ದಾರರಿಗೋ, ಡಿಪೊ ವ್ಯವಸ್ಥಾಪಕರಿಗೋ, ಪೊಲೀಸ್ ಠಾಣೆಗೋ ಹೋದರೆ ಅದು ಸಾಕ್ಷಿ. ಎಲ್ಲ ಬಾಗಿಲುಗಳನ್ನೂ ತಟ್ಟಿ, ಯಾರೂ ತೆರೆಯದಿದ್ದಾಗ, ಬಲಹೀನನೊಬ್ಬ ಅದನ್ನು ಜನರ ಮುಂದಿಟ್ಟರೆ ಅದೂ ನ್ಯಾಯವೇ. ಆದರೆ ಘಟನೆಗೆ ಸಂಬಂಧವೇ ಇಲ್ಲದ ನಾವು, ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಅದನ್ನು ಮತ್ತೈವರಿಗೆ ತಳ್ಳುವಾಗ ಯಾರಿಗೆ ಒಳಿತಾಗುತ್ತದೆ?

ಈ ಮಾತು ಸಂಸ್ಥೆಗಳನ್ನು ನಡೆಸುವ ನಮ್ಮಂಥವರಿಗೂ ಅನ್ವಯಿಸುತ್ತದೆ. ದೂರು ಕೇಳುವ ಕಿವಿಯಿಲ್ಲದ ಕಡೆ ಮೆರವಣಿಗೆ ಹುಟ್ಟುತ್ತದೆ. ನಮ್ಮ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಧರ್ಮಕೇಂದ್ರದ ಕಚೇರಿಗಳಲ್ಲಿ ಒಬ್ಬ ಬಡ ತಂದೆ ಬಂದು ನನಗೆ ಅನ್ಯಾಯವಾಗಿದೆ ಎಂದಾಗ ಕೂರಿಸಿ ಕೇಳುವವರಿದ್ದಾರೆಯೇ? ಮರ್ಯಾದೆ ಹೋಗುತ್ತದೆಂದು ತಪ್ಪನ್ನು ಮುಚ್ಚಿಡುವುದೂ ದಯೆಯಲ್ಲ. ಅದು ನೊಂದವರಿಗೆ ಮಾಡುವ ಎರಡನೆಯ ಅನ್ಯಾಯ. ಬಾಗಿಲು ತೆರೆದಿದ್ದರೆ ಜನ ಗೋಡೆ ಹತ್ತುವುದಿಲ್ಲ.

ಪ್ರಿಯ ತಂದೆತಾಯಿಯರೇ, ನಿಮ್ಮ ಮಕ್ಕಳಲ್ಲಿ ಅನೇಕರು ಇಂದು ದಾದಿಯರು, ಶಿಕ್ಷಕರು, ಚಾಲಕರು, ಅಂಗಡಿಯ ಗುಮಾಸ್ತರು, ಮನೆಮನೆಗೆ ವಸ್ತು ತಲುಪಿಸುವವರು. ದಿನಕ್ಕೆ ನೂರಾರು ಜನರ ಮುಂದೆ ನಿಂತು ದುಡಿಯುವವರು. ಯಾವುದೋ ಒಂದು ದಿನ, ನಿದ್ದೆಗೆಟ್ಟ ಒಂದು ಗಳಿಗೆಯಲ್ಲಿ, ಅವರ ಬಾಯಿಂದಲೂ ಒಂದು ಕೆಟ್ಟ ಮಾತು ಜಾರಬಹುದು. ಆಗ ನಿಮ್ಮ ಮಗುವಿಗೆ ಯಾವ ಬಗೆಯ ನ್ಯಾಯ ಸಿಗಬೇಕೆಂದು ನೀವು ಬಯಸುತ್ತೀರೋ, ಅದೇ ನ್ಯಾಯವನ್ನು ಇಂದು ನಿಮ್ಮ ಫೋನಿನ ಪರದೆಯ ಮೇಲಿರುವ ಅಪರಿಚಿತನಿಗೂ ಕೊಡಿ. ಇನ್ನು ಮುಂದೆ ಅಂಥ ವಿಡಿಯೊ ಬಂದಾಗ ಮನೆಯವರೆಲ್ಲ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದಕ್ಕೆ ಮೊದಲು ಏನು ನಡೆದಿತ್ತು, ನಮಗೆ ಗೊತ್ತಿದೆಯೇ? ಇದನ್ನು ಸರಿಪಡಿಸಬಲ್ಲವರು ಯಾರು, ಅವರಿಗೆ ಇದು ತಲುಪಿದೆಯೇ? ನಾವು ಕಳಿಸಬೇಕೆಂದಿರುವವರು ಅವರೇನಾ? ಮೂರನೆಯ ಪ್ರಶ್ನೆಗೆ ಉತ್ತರ ಅಲ್ಲ ಎಂದಾದರೆ, ಅದನ್ನು ಅಲ್ಲಿಯೇ ಅಳಿಸಿಬಿಡಿ. ಅದು ನಮ್ಮ ಕೈಯಿಂದ ಮುಂದೆ ಹೋಗದಿದ್ದರೆ ನಮಗೆ ಗೊತ್ತೇ ಇಲ್ಲದ ಒಂದು ಮನೆಯಲ್ಲಿ, ನಮಗೆ ಗೊತ್ತೇ ಇಲ್ಲದ ಒಬ್ಬ ತಾಯಿ ಇಂದು ರಾತ್ರಿ ನೆಮ್ಮದಿಯಿಂದ ಮಲಗಬಹುದು.